ಕಾಟಾದ ಪಕ್ಕದ ಕರಿಹಲಗೆ

2023ರ ಆಗಸ್ಟ್‌ನ ಒಂದು ಸೋಮವಾರ ಮುಂಜಾನೆ ನಮ್ಮ ಮಿಲ್ಲಿನ ತೂಕದ ಕಾಟಾದ ಪಕ್ಕದ ಗೋಡೆಗೆ ಒಂದು ಕರಿಹಲಗೆ ಹೊಡೆಸಿದೆ. ಬಾಗಿಲು ಮುಚ್ಚಿದ ಟ್ಯೂಷನ್ ಕ್ಲಾಸೊಂದರಿಂದ ಗುಜರಿಗೆ ಬಂದಿದ್ದ ಹಲಗೆ. ಯಾವನೋ ಹುಡುಗ ಕೈವಾರದ ಮೊನೆಯಿಂದ ಕೊರೆದ ಎರಡು ಅಕ್ಷರ ಮೂಲೆಯಲ್ಲಿ ಹಾಗೇ ಉಳಿದಿದ್ದವು. ನಟ್ಟನಡುವೆ ದೊಡ್ಡದಾಗಿ ಬರೆದೆ: ತೊಗರಿ 19 ದಿನ.

ಗೋಡೌನಿನಲ್ಲಿ ಉಳಿದಿದ್ದ ಕಾಳು, ಒಂದೇ ಪಾಳಿ ಓಡಿಸಿದರೆ, ಹತ್ತೊಂಬತ್ತು ದಿನಕ್ಕೆ ಸಾಕು. ಇಪ್ಪತ್ತನೇ ದಿನ ಏನು ಎಂಬುದು ನನಗೂ ತಿಳಿದಿರಲಿಲ್ಲ. ಮುನೀಮ್ ಕಾಕಾ ಕನ್ನಡಕವನ್ನು ಹಣೆಗೇರಿಸಿ ಓದಿದರು, ಮತ್ತೆ ಕೆಳಗಿಳಿಸಿಕೊಂಡು ಇನ್ನೊಮ್ಮೆ ಓದಿದರು. "ಅಕ್ಕಾರೆ, ತಿಜೋರಿ ಕೀಲಿ ಬಾಗಲಿಗಿ ತೂಗಹಾಕ್ದಂಗ ಆಯ್ತಲ್ರಿ ಇದು" ಅಂದರು. ನಾನು ಸೀಮೆಸುಣ್ಣದ ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿಬಿಟ್ಟೆ. ಉತ್ತರ ಇರಲಿಲ್ಲ.

ಈ ಕಥೆ ಈಗ ನೆನಪಾಗಲು ನನ್ನ ತಂಗಿಯ ಮಗಳು ಕಾರಣ. ಎಂಬಿಎ ಓದುತ್ತಿದ್ದಾಳೆ. ಕಷ್ಟಕಾಲದಲ್ಲಿ ಸಂಸ್ಥೆ ಮುನ್ನಡೆಸಿದವರ ಬಗ್ಗೆ ಏನೋ ಪ್ರಾಜೆಕ್ಟು, ಹತ್ತು ಪ್ರಶ್ನೆ ಕಳಿಸಿದ್ದಳು. ಮೊದಲನೆಯದು ‘ನಿಮ್ಮ ಸಂಸ್ಥೆಯ ಧ್ಯೇಯವೇನು?’ ‘ಬೇಳೆ ಮಾಡೋದು’ ಅಂತ ಬರೆದು ಕಳಿಸಿದೆ. ನಗುವ ಇಮೋಜಿ ಬಂತು. ಉಳಿದ ಒಂಬತ್ತಕ್ಕೆ ಉತ್ತರ ಇನ್ನೂ ಬಾಕಿ. ನಾನು ತಮಾಷೆ ಮಾಡಿರಲಿಲ್ಲ ಎಂದು ಅವಳಿಗೆ ಫೋನಿನಲ್ಲಿ ಹೇಳಲು ಹೋದೆ, ಮಾತು ಉದ್ದವಾಯಿತು. ಆ ಉದ್ದದ ಮಾತೇ ಇದು.

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಾನೊಂದು ದಾಲ್ ಮಿಲ್ಲು ನಡೆಸುತ್ತೇನೆ. ‘ನಡೆಸುತ್ತೇನೆ’ ಅನ್ನಲು ನನಗೆ ನಾಲ್ಕು ವರ್ಷ ಹಿಡಿಯಿತು. ಅಲ್ಲಿಯವರೆಗೆ ಕೇಳಿದವರಿಗೆಲ್ಲ ‘ಮಾವನವರ ಮಿಲ್ಲು, ನೋಡ್ಕೋತೀನಿ’ ಎನ್ನುತ್ತಿದ್ದೆ. ನನ್ನದು ಬಿಕಾಂ. ಮದುವೆಯಾದ ಮೇಲೆ ಆಫೀಸಿನ ಮೂಲೆಯ ಮೇಜಿನಲ್ಲಿ ಜಮಾಖರ್ಚು ಬರೆಯುತ್ತಿದ್ದೆ, ಅಷ್ಟೇ. 2015ರಲ್ಲಿ ತೊಗರಿ ಬೇಳೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನಿಮಗೂ ನೆನಪಿರಬಹುದು. ಆ ಬೆಲೆ ನೋಡಿ ರೈತರೆಲ್ಲ ಮರುವರ್ಷ ತೊಗರಿಯನ್ನೇ ಬಿತ್ತಿದರು, ಮಳೆಯೂ ಕೈಹಿಡಿಯಿತು, ರಾಶಿ ರಾಶಿ ಬೆಳೆ ಬಂತು. ಆ ನಡುವೆ 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಗಿ ಗಂಜಿನಲ್ಲಿ, ಅಂದರೆ ನಮ್ಮೂರ ಕಾಳಿನ ಮಾರುಕಟ್ಟೆಯಲ್ಲಿ, ವ್ಯವಹಾರವೇ ನಿಂತಿತು. ಕೇಂದ್ರ ಕ್ವಿಂಟಲಿಗೆ ಘೋಷಿಸಿದ್ದ 5,050 ರೂಪಾಯಿ ಬೆಂಬಲ ಬೆಲೆಗಿಂತಲೂ ಕೆಳಗೆ ಕಾಳು ಮಾರಿಹೋಯಿತು. ಮಾವನವರು ಬೇಸಿಗೆಯಲ್ಲಿ ಒಂಬತ್ತು ಸಾವಿರಕ್ಕೆ ಕೊಂಡ ಕಾಳು ಗೋಡೌನಿನಲ್ಲಿ ಇನ್ನೂ ಅರ್ಧ ಇತ್ತು. ಎಳ್ಳಮಾವಾಸ್ಯೆಯ ಚರಗಕ್ಕೆ ಹೊಲಕ್ಕೆ ಹೋಗಿ ಬಂದ ವಾರದಲ್ಲೇ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಅರ್ಧ ಮಾತು ಹೋದವು. ಮೂಲೆಯ ಮೇಜಿನಿಂದ ನಾನು ನಡುವಿನ ಮೇಜಿಗೆ ಬಂದದ್ದು ಹಾಗೆ. ಯಾರೂ ಕೂರು ಅನ್ನಲಿಲ್ಲ, ಬೇರೆ ಯಾರೂ ಕೂರಲೂ ಇಲ್ಲ.

ಆ ಪೆಟ್ಟಿನಿಂದ ಹೇಗೋ ಎದ್ದೆವು. ಸಾಲದ ಮೇಲೆ ಸಾಲ, ಅಷ್ಟೇ ಅದರ ಕಥೆ. ನಾನು ಹೇಳಬೇಕಾದದ್ದು 2020ರದು.

ಕೊರೊನಾದಿಂದ ದೇಶದಲ್ಲಿ ಆದ ಮೊದಲ ಸಾವು ನಮ್ಮೂರಿನದು. ಮಾರ್ಚ್ 12ರಂದು ಅದು ಖಚಿತವಾದಾಗ ದೇಶದ ಉಳಿದ ಊರುಗಳು ಇನ್ನೂ ಮದುವೆ ಮುಂಜಿವೆ ಮಾಡುತ್ತಿದ್ದವು. ಲಾಕ್‌ಡೌನ್ ಅನ್ನುವ ಶಬ್ದ ಎಲ್ಲರ ಬಾಯಿಗೆ ಬರುವ ಮೊದಲೇ ಕಲಬುರಗಿ ಬಾಗಿಲು ಎಳೆದುಕೊಂಡಿತು. ಬೇಳೆ ಅಗತ್ಯ ವಸ್ತು, ಆದ್ದರಿಂದ ಮಿಲ್ಲಿಗೆ ಪಾಸು ಸಿಗುತ್ತಿತ್ತು. ಲಾರಿಗಳು ಮಾತ್ರ ಬರಲಿಲ್ಲ. ಹೊರಗಿನ ಜನ ‘ಕಲಬುರಗಿ’ ಅಂದರೇ ಬೆಚ್ಚುತ್ತಿದ್ದರು.

ಮಾರ್ಚ್ ಕೊನೆಯಲ್ಲಿ ನಾನು ಕಾಟಾದ ಮೇಲೆ ಹತ್ತಿ ನಿಂತು ಎಲ್ಲರನ್ನೂ ಕರೆದು ಹೇಳಿದೆ: "ಯಾರೂ ಅಂಜಬ್ಯಾಡ್ರಿ. ಮಿಲ್ಲು ನಿಂತರೂ ನಿಮ್ಮ ಪಗಾರ ನಿಲ್ಲಂಗಿಲ್ಲ. ನಾ ಇದ್ದೀನಿ." ಹೇಳುವಾಗ ನನ್ನ ಧ್ವನಿ ನನಗೇ ಇಷ್ಟವಾಗಿತ್ತು. ಟಿವಿಯಲ್ಲಿ ದೊಡ್ಡ ದೊಡ್ಡವರು ಮಾತಾಡುವುದು ಹಾಗೇ ಅಲ್ಲವೇ? ಬ್ಯಾಂಕಿನ ಖಾತೆಯಲ್ಲಿ ಏನಿದೆ ಎಂದು ಮುನೀಮ್ ಕಾಕಾನಿಗೆ ಗೊತ್ತಿತ್ತು. ಅವರು ನೆಲ ನೋಡುತ್ತಾ ನಿಂತಿದ್ದರು.

ಎರಡು ತಿಂಗಳು ಪೂರ್ತಿ ಕೊಟ್ಟೆ. ಮೂರನೇ ತಿಂಗಳು ಅರ್ಧ. ನಾಲ್ಕನೇ ತಿಂಗಳು ‘ಮುಂದಿನ ವಾರ’. ಆ ಮುಂದಿನ ವಾರ ಆಗಸ್ಟ್‌ವರೆಗೂ ಬರಲಿಲ್ಲ.

ಹಮಾಲರಲ್ಲಿ ಒಬ್ಬ ಅಫಜಲಪುರದ ಕಡೆಯವ, ಭೀಮಾ ದಂಡೆಯ ಊರು. ನೂರು ಕಿಲೋ ಚೀಲವನ್ನು ಕೂಸಿನ ಹಾಗೆ ಹೊರುತ್ತಿದ್ದ. ಜೂನ್‌ನಲ್ಲಿ ಬಂದು, ಊರಲ್ಲಿ ಉದ್ಯೋಗ ಖಾತ್ರಿ ಕೆಲಸ ಶುರುವಾಗಿದೆ, ದಿನಕ್ಕೆ 275 ಕೊಡುತ್ತಾರೆ, ಹೋಗಲೇನ್ರಿ ಎಂದು ಕೇಳಿದ. "ಇನ್ನ ಹದಿನೈದು ದಿನದಾಗ ಲಾರಿ ಬರ್ತಾವ, ನೀ ಹೋದ್ರ ಚೀಲ ಎತ್ತೋರು ಯಾರು" ಎಂದು ತಡೆದೆ. ಲಾರಿ ಬರುವ ಸುಳಿವೇ ಇರಲಿಲ್ಲ. ಅವನು ಹೋದರೆ ಉಳಿದವರೂ ಒಬ್ಬೊಬ್ಬರಾಗಿ ಹೋಗುತ್ತಾರೆ ಅನ್ನುವ ಹೆದರಿಕೆ ನನಗಿತ್ತು. ಸೆಪ್ಟೆಂಬರಿನವರೆಗೆ ಕಾದು, ಕೈಯಲ್ಲಿ ಏನೂ ಇಲ್ಲದೆ ಊರಿಗೆ ಹೋದ. ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಹೊಲ, ಮನೆ ಎರಡನ್ನೂ ನುಂಗಿತು. ಮರುವರ್ಷ ಪುಣೆಯಿಂದ ಫೋನು ಮಾಡಿದ್ದ, ಆಧಾರ್ ಕಾರ್ಡಿನ ಏನೋ ಕೆಲಸಕ್ಕೆ. ಇಡುವ ಮೊದಲು ಅಂದ: "ನಿಮ್ದು ಆಗಂಗಿಲ್ಲ ಅಂತ ಮೊದ್ಲೇ ಹೇಳಿದ್ರ ನಾ ಜೂನ್‌ದಾಗ ಹೋಗಿ ನಾಕ್ ಕಾಸ್ ಮಾಡ್ಕೋತಿದ್ದೆ ನೋಡ್ರಿ ಅಕ್ಕಾರೆ." ಸಿಟ್ಟಿನಿಂದಲ್ಲ. ಮಳೆ ಒಂದು ವಾರ ಮೊದಲು ಬಂದಿದ್ದರೆ ಎನ್ನುವಷ್ಟೇ ತಣ್ಣಗೆ.

ಆಮೇಲೆ ಎಷ್ಟೋ ರಾತ್ರಿ ಅದೇ ಮಾತು ಕಿವಿಯಲ್ಲಿ. ಅಂದು ಕಾಟಾದ ಮೇಲೆ ನಿಂತು ನಾನು ಧೈರ್ಯ ಹೇಳಿಕೊಂಡದ್ದು ನನಗೇ. ಅವರಿಗೆ ಧೈರ್ಯಕ್ಕೇನು ಕೊರತೆ? ಮಳೆ ನಂಬಿ ಎರೆ ಹೊಲಕ್ಕೆ ಬೀಜ ಚೆಲ್ಲುವ ಜನ, ನಾಲ್ಕು ಬರ ಕಂಡವರು. ಅವರಿಗೆ ಬೇಕಾಗಿದ್ದದ್ದು ಲೆಕ್ಕ. ಎಷ್ಟು ದಿನ, ಎಷ್ಟು ರೊಕ್ಕ, ಯಾವಾಗ ಇಲ್ಲ. ಅದನ್ನು ಕೊಟ್ಟಿದ್ದರೆ ಉಳಿದದ್ದನ್ನು ತಮ್ಮ ತಮ್ಮ ಮನೆಯಲ್ಲಿ ಅವರೇ ಯೋಚಿಸಿಕೊಳ್ಳುತ್ತಿದ್ದರು.

ಇನ್ನು 2023. ಅದಕ್ಕೆ ಹಿಂದಿನ ಹಂಗಾಮಿನಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಏರಿ, ಗಿಡ ಹೂವು ಕಾಯಿ ಹೊತ್ತು ನಿಂತಿರುವಾಗಲೇ ನೀರಿನ ದಾರಿ ಕಟ್ಟಿ ಒಣಗಿಸುತ್ತದೆ. ಆಳಂದ, ಚಿಂಚೋಳಿ, ಸೇಡಂ, ಚಿತ್ತಾಪುರ ಎಲ್ಲಿಗೆ ಹೋದರೂ ಹಸಿರು ಹೊಲದ ನಡುವೆ ಸುಟ್ಟಂಥ ಕಂದು ಮಚ್ಚೆಗಳು. ಗಂಜಿಗೆ ಬರುವ ಕಾಳು ಕಡಿಮೆಯಾಯಿತು. ಬೆಲೆ ಏರಿ ಏರಿ ಕ್ವಿಂಟಲಿಗೆ ಹತ್ತು ಸಾವಿರ ದಾಟಿತು.

ಬೆಲೆ ಏರಿದರೆ ಮಿಲ್ಲಿನವರಿಗೆ ಹಬ್ಬ ಅಂದುಕೊಳ್ಳುವವರು ಬಹಳ. ಅವರಿಗಾಗಿ ಸ್ವಲ್ಪ ಲೆಕ್ಕ. ನಮ್ಮದು ದಿನಕ್ಕೆ ಅರವತ್ತು ಕ್ವಿಂಟಲ್ ಒಡೆಯುವ ಮಿಲ್ಲು. ಕಾಳು ಆರು ಸಾವಿರ ಇದ್ದಾಗ ಒಂದು ದಿನದ ಕಾಳಿಗೆ 3 ಲಕ್ಷ 60 ಸಾವಿರ ಸಾಕು. ಹತ್ತು ಸಾವಿರ ಆದಾಗ ಅದೇ ಒಂದು ದಿನಕ್ಕೆ 6 ಲಕ್ಷ. ಬ್ಯಾಂಕಿನವರು ಕೊಡುವ ಸಾಲದ ಮಿತಿ ಮಾತ್ರ ಇದ್ದಲ್ಲೇ ಇರುತ್ತದೆ. ಹತ್ತು ದಿನದ ಕಾಳು ಬರುತ್ತಿದ್ದ ರೊಕ್ಕಕ್ಕೆ ಆರು ದಿನದ್ದು ಬರುತ್ತದೆ. ಮಿಲ್ಲು ನಿಂತರೂ ಬಡ್ಡಿ ನಿಲ್ಲುವುದಿಲ್ಲ, ಕರೆಂಟಿನ ಡಿಮಾಂಡ್ ಚಾರ್ಜು ನಿಲ್ಲುವುದಿಲ್ಲ. ಆ ವರ್ಷ ಜೂನ್ 2ರಂದು ಕೇಂದ್ರ ಸರ್ಕಾರ ತೊಗರಿ, ಉದ್ದಿನ ದಾಸ್ತಾನಿಗೆ ಮಿತಿ ಹಾಕಿತು. ಮಿಲ್ಲಿಗೆ ಹಿಂದಿನ ಮೂರು ತಿಂಗಳ ಉತ್ಪಾದನೆ ಅಥವಾ ವರ್ಷದ ಸಾಮರ್ಥ್ಯದ ಕಾಲುಭಾಗ, ಯಾವುದು ಹೆಚ್ಚೋ ಅಷ್ಟು. ಇದ್ದದ್ದನ್ನು ಪೋರ್ಟಲಿನಲ್ಲಿ ಘೋಷಿಸಬೇಕಿತ್ತು. ನಾನು ನಿಷ್ಠೆಯಿಂದ ಘೋಷಿಸುತ್ತಿದ್ದೆ. ಮಿತಿ ಮೀರುವಷ್ಟು ಕೊಳ್ಳಲು ರೊಕ್ಕ ಇದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕಷ್ಟ ಬಂದಾಗ ಕೈ ಮೊದಲು ಹೋಗುವುದು ಸಣ್ಣವರ ಜೇಬಿಗೇ. ಜುಲೈನಲ್ಲಿ ಖರ್ಚು ಇಳಿಸಲು ನಾನೊಂದು ಪಟ್ಟಿ ಮಾಡಿದೆ. ಎರಡು ಹೊತ್ತಿನ ಚಹಾ ಒಂದು ಹೊತ್ತಿಗೆ. ರಾತ್ರಿಯ ಕಾವಲುಗಾರರು ಇಬ್ಬರ ಬದಲು ಒಬ್ಬ. ಮೂರನೆಯದನ್ನು ಬರೆಯಲು ಈಗಲೂ ನಾಚಿಕೆ. ನಮ್ಮಲ್ಲಿ ಜರಡಿಯ ಸುತ್ತ, ಅಂಗಳದ ಫರ್ಸಿ ಕಲ್ಲಿನ ಸಂದುಗಳಲ್ಲಿ ಚೆಲ್ಲಿದ ಕಾಳನ್ನು ಸಂಜೆ ಗುಡಿಸುವ ಹೆಂಗಸರು ಹಂಚಿಕೊಂಡು ಒಯ್ಯುವುದು ಮಾವನವರ ಕಾಲದಿಂದ ಬಂದ ರೂಢಿ. ಎಲ್ಲ ಸೇರಿ ದಿನಕ್ಕೆ ಮೂರ್ನಾಲ್ಕು ಕಿಲೋ. ಹತ್ತು ಸಾವಿರದ ಕಾಳು, ಅದೂ ಉಳಿಯಲಿ ಎಂದು ಮತ್ತೆ ಜರಡಿಗೆ ಹಾಕಿಸಲು ಹೇಳಿದೆ. ಎಲ್ಲರಿಗಿಂತ ಹಿರಿಯಳನ್ನು ನಾವು ಜರಡಿ ಆಯಿ ಎಂದು ಕರೆಯುತ್ತೇವೆ. ಅವಳು ಒಂದೂ ಮಾತಾಡಲಿಲ್ಲ. ಮೊದಲ ದಿನ ಮೊರದಲ್ಲಿ ಕೇರಿ, ಮಣ್ಣು ಬೇರೆ ಮಾಡಿ, ಕಾಳನ್ನು ತಂದು ನನ್ನ ಮೇಜಿನ ಮೇಲೆ, ಕಾಗದಗಳ ನಡುವೆ, ಸುರಿದು ಹೋದಳು. ಎರಡನೇ ದಿನವೂ ಹಾಗೇ.

ಆಯ್ದಕ್ಕಿ ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಲಕ್ಕಮ್ಮ ಮರಳಿಸಿದ ಕಥೆ ಈ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? ಬಸವಕಲ್ಯಾಣ ಇಲ್ಲಿಂದ ಎರಡು ತಾಸಿನ ದಾರಿ. ‘ಕಾಯಕವೇ ಕೈಲಾಸ’ ಫಲಕ ನಮ್ಮ ಕಡೆ ಎಲ್ಲ ಕಚೇರಿಯಲ್ಲೂ ಇರುತ್ತದೆ, ಅದರ ಕೆಳಗೆ ಕುಳಿತವರು ‘ನಾಳೆ ಬರ್ರಿ’ ಅನ್ನುತ್ತಿರುತ್ತಾರೆ. ನನ್ನ ಕುರ್ಚಿಯ ಹಿಂದೆಯೂ ಇದೆ. ಅದರ ಕೆಳಗೆ ಕುಳಿತು ನಾನು ಚೆಲ್ಲಿದ ಕಾಳು ಆಯುತ್ತಿದ್ದೆ. ಆಯುವವಳು ನನ್ನ ಮೇಜಿಗೆ ಸುರಿದು ಹೋಗುತ್ತಿದ್ದಳು. ಮೂರನೇ ದಿನ ಆ ಅಪ್ಪಣೆಯನ್ನು ವಾಪಸ್ ತೆಗೆದುಕೊಂಡೆ. ಆಯಿ ಆಗಲೂ ಏನೂ ಅನ್ನಲಿಲ್ಲ. ನನಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು.

ಅದೇ ವಾರ ಮಿಸ್ತ್ರಿ ಚಾಚಾ, ಮಾವನವರ ಜೊತೆ ಮೊದಲ ರೋಲರ್ ಕೂರಿಸಿದ ಮನುಷ್ಯ, ಆಫೀಸಿನ ಹೊಸ್ತಿಲಲ್ಲಿ ನಿಂತು ಕೇಳಿದರು: "ಬೇಟಿ, ಗೋಡೌನ್‌ದಾಗ ಎಷ್ಟ್ ಮಾಲ್ ಅದ? ಹೊರಗ ಒಬ್ಬ ಒಂದ್ ತಿಂಗ್ಳ ಅಂತಾನ, ಒಬ್ಬ ನಾಕ್ ದಿನ ಅಂತಾನ." ಬಾಯಿಗೆ ಬಂದ ಮಾತು ‘ಚಿಂತಿ ಮಾಡಬ್ಯಾಡ್ರಿ ಚಾಚಾ’. ಅರ್ಧಕ್ಕೆ ನುಂಗಿದೆ. ಪುಣೆಯ ಫೋನು ನೆನಪಾಯಿತು. ಮರುದಿನ ಗುಜರಿಗೆ ಹೋಗಿ ಹಲಗೆ ತಂದೆ.

ಹಲಗೆ ಹಾಕಿದ ಮೇಲೆ ಏನೂ ಆಗಲಿಲ್ಲ. ನಾನು ಗದ್ದಲವಾದೀತು ಅಂದುಕೊಂಡಿದ್ದೆ. ಜನ ಬಂದರು, ಓದಿದರು, ಓದಲು ಬಾರದವರು ಬಂದವರನ್ನು ಕೇಳಿದರು, ಕೆಲಸಕ್ಕೆ ಹೋದರು. 18 ಆಯಿತು, 17 ಆಯಿತು. ಒಂದು ದಿನ ನಾನು ತಡವಾಗಿ ಬಂದಾಗ 15 ಅಳಿಸಿ 14 ಅಂತ ಬೇರೆಯವರ ಕೈಬರಹದಲ್ಲಿತ್ತು.

ಆ 14ರ ದಿನವೇ ಚಾಚಾ ರೋಲರ್ ಬಿಚ್ಚಿ ತೋರಿಸಿದರು. ತೊಗರಿಯ ಸಿಪ್ಪೆ ಬೇಳೆಗೆ ಗೋಂದು ಹಚ್ಚಿದ ಹಾಗೆ ಅಂಟಿಕೊಂಡಿರುತ್ತದೆ. ಮೊದಲು ರೋಲರಿನಲ್ಲಿ ಸಿಪ್ಪೆಗೆ ಗೀರು ಹಾಕಬೇಕು, ಎಣ್ಣೆ ಸವರಬೇಕು, ರಾಶಿ ಹಾಕಿ ಬಿಡಬೇಕು, ಅಂಗಳದಲ್ಲಿ ಬಿಸಿಲಿಗೆ ಹರವಬೇಕು, ನೀರು ಉಣಿಸಬೇಕು, ಮತ್ತೆ ಬಿಸಿಲು, ಮತ್ತೆ ರೋಲರು. ಅವಸರ ಮಾಡಿದರೆ ಬೇಳೆ ಒಡೆದು ನುಚ್ಚಾಗುತ್ತದೆ, ನುಚ್ಚು ಚುನ್ನಿಯ, ಅಂದರೆ ಸಿಪ್ಪೆ ಪುಡಿಯ, ಜೊತೆ ದನದ ಪಾಲು. ನೂರು ಕಿಲೋ ಕಾಳಿಗೆ ಎಪ್ಪತ್ತರಿಂದ ಎಪ್ಪತ್ತೈದು ಕಿಲೋ ಬೇಳೆ ಬಂದರೆ ನಮ್ಮಂಥ ಮಿಲ್ಲಿಗೆ ಪಾಸು. ನಮ್ಮದು ಎಪ್ಪತ್ತರ ಹತ್ತಿರ ತೂಗಾಡುತ್ತಿತ್ತು, ಯಾಕೆಂದು ನಾನು ಕೇಳಿರಲೇ ಇಲ್ಲ. ಒಂದು ರೋಲರಿನ ಎಮೆರಿ ಎಂಬ ಒರಟು ಪುಡಿಯ ಲೇಪ ಒಂದು ಕಡೆ ಸವೆದು, ಕಾಳು ಅಲ್ಲಿ ಜಜ್ಜಿಹೋಗುತ್ತಿತ್ತು. "ಮೊದಲ ಯಾಕ ಹೇಳಲಿಲ್ಲ ಚಾಚಾ?" ಅಂದೆ. "ಎರಡು ದಿನ ಮಶೀನ್ ನಿಲ್ಲಿಸಬೇಕಾಗ್ತದ. ನಿಲ್ಸು ಅಂದ್ರ ನೀವು ಬೈತಿದ್ರಿ. ಈಗ ನಿಲ್ಸಿದ್ರೂ ನಡೀತದ, ದಿನಾ ಉಳಸೋದೇ ಕೆಲಸ ಅದ ಅಲ್ಲ?" ಅಂದರು. ನಿಜ, ಬೈಯುತ್ತಿದ್ದೆ. ಎರಡು ದಿನ ನಿಲ್ಲಿಸಿ ಹೊಸ ಲೇಪ ಹಾಕಿಸಿದೆವು. ಎಪ್ಪತ್ತಮೂರು ಬಂತು. ಹಿಂದಿನ ವರ್ಷಗಳಲ್ಲಿ ದನಕ್ಕೆ ಹೋದ ಮೂರು ಕಿಲೋಗಳ ಲೆಕ್ಕವನ್ನು ನಾನು ಹಾಕಲಿಲ್ಲ. ಹಾಕಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಹಲಗೆಯಲ್ಲಿ 9 ಇದ್ದಾಗ ದೊಡ್ಡ ಊರಿನ ಖರೀದಿದಾರರೊಬ್ಬರ ಫೋನು ಬಂತು. ನಾಲ್ಕು ವರ್ಷದ ಗಿರಾಕಿ. ಮುಂಬೈಯಿಂದ ಆಫ್ರಿಕಾದ ತೊಗರಿ ಲೋಡು ಕಳಿಸುತ್ತೇವೆ, ಒಡೆದು ನಮ್ಮ ಪ್ಯಾಕೆಟ್ಟಿಗೆ ತುಂಬಿಕೊಡಿ, ರೊಕ್ಕ ಮುಂಗಡ. ಪ್ಯಾಕೆಟ್ಟಿನ ಚಿತ್ರ ವಾಟ್ಸಪ್‌ನಲ್ಲಿ ಬಂತು. ಹಳದಿ ಅಕ್ಷರದಲ್ಲಿ ‘ಗುಲಬರ್ಗಾ ತೊಗರಿ ಬೇಳೆ’.

ಊರಿನ ಹೆಸರು 2014ರಲ್ಲಿ ಕಲಬುರಗಿಯಾದರೂ ಬೇಳೆ ಇನ್ನೂ ಗುಲಬರ್ಗಾದ್ದೇ. 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು, ಸಿಕ್ಕಿದ್ದು ಅದೇ ಹೆಸರಿಗೆ. ಈ ಎರೆ ಮಣ್ಣಿನಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು ಸಲ್ಲಬೇಕು. ಹಾಗಂತ ಹೊರಗಿನ ತೊಗರಿ ಕೀಳು ಎಂದು ನಾನು ಹೇಳುವವಳಲ್ಲ. ಬರ್ಮಾದ ಲೆಮನ್, ಮೊಜಾಂಬಿಕ್‌ನ ಗಜರಿ, ತಾಂಜಾನಿಯಾದ ಅರುಷಾ ತೊಗರಿ ಬರದಿದ್ದರೆ ಎಷ್ಟೋ ಮನೆಯ ಸಾರು ತಿಳಿನೀರಾಗುತ್ತಿತ್ತು. ಅಲ್ಲಿಯ ರೈತನೂ ಬಿಸಿಲಲ್ಲಿ ಬೆಂದವನೇ. ಗಂಟು ಇದ್ದದ್ದು ಪ್ಯಾಕೆಟ್ಟಿನ ಮೇಲಿನ ಹಳದಿ ಅಕ್ಷರದಲ್ಲಿ.

ಕೂಡಲೇ ಆಗಲ್ಲ ಎಂದೆ ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಹಾಗೆ ಆಗಲಿಲ್ಲ. ಸ್ಯಾಂಪಲ್ ತರಿಸಿಕೊಂಡೆ. ಮನೆಯಲ್ಲಿ ಕುಕ್ಕರಿಗೆ ಹಾಕಿದೆ. ಎರಡು ದಿನ ‘ನೋಡ್ತೀನಿ’ ಅಂದೆ. ಯಾರು ಪ್ಯಾಕೆಟ್ ಬಿಚ್ಚಿ ನೋಡುತ್ತಾರೆ, ಬೆಂದ ಮೇಲೆ ಎಲ್ಲ ಹಳದಿಯೇ, ನಮ್ಮ ಕೆಲಸದವರ ಮೂವತ್ತೊಂದು ಮನೆ ನಡೆಯುತ್ತವೆ. ಈ ಕೊನೆಯ ಮಾತು ಬಹಳ ಗಟ್ಟಿ, ಅದರ ಹಿಂದೆ ಏನನ್ನು ಬೇಕಾದರೂ ಬಚ್ಚಿಡಬಹುದು. ಮೂರನೇ ದಿನ ಸ್ಯಾಂಪಲ್ಲನ್ನು ಆಯಿಯ ಮುಂದೆ ಇಟ್ಟೆ. ಒಂದು ಕಾಳು ಹಲ್ಲಲ್ಲಿ ಕಡಿದು, "ನಮ್ದಲ್ಲ" ಅಂದಳು. ಪ್ಯಾಕೆಟ್ಟಿನ ವಿಷಯ ಹೇಳಿದೆ. "ಅಲ್ಲವ್ವಾ, ನನ್ ಮಮ್ಮಗಳಿಗಿ ಇನ್ನೊಬ್ಬಾಕಿ ಮಗಳ ಹೆಸ್ರ ಹೇಳಿ ಕನ್ಯಾ ಕೊಟ್ರ ನಡೀತದೇನ್?" ಅಂತ ಕೇಳಿ ನಕ್ಕಳು. ಚಾಚಾ ನಗಲಿಲ್ಲ. "ಒಡೀಲಿಕ್ಕ ಏನ್ ತೊಂದ್ರಿ ಇಲ್ಲ. ಹೆಸರ ಬ್ಯಾರೆ ಹಾಕ್ರಿ ಅಂತ ಕೇಳ್ರಿ ಅವರ್ನ" ಅಂದರು.

ಕೇಳಿದೆ. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ, ಆಮೇಲೆ "ಮೇಡಂ, ಹಂಗಾದ್ರ ನಿಮ್ಮತ್ರ ಯಾಕ ಬರ್ತಿದ್ವಿ" ಎಂಬ ಪ್ರಾಮಾಣಿಕವಾದ ಉತ್ತರ. ಆ ಗಿರಾಕಿ ಅವತ್ತೇ ಹೋದರು. ಇಂದಿಗೂ ಮರಳಿಲ್ಲ.

ಹಲಗೆಯಲ್ಲಿ 5. ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂರಿಸಿ, ಹಲಗೆಯನ್ನು ಗೋಡೆಯಿಂದ ತೆಗೆದು ಕುರ್ಚಿಯ ಮೇಲೆ ನಿಲ್ಲಿಸಿದೆ. ಬ್ಯಾಂಕಿನ ಬಾಕಿ, ತಿಂಗಳ ಬಡ್ಡಿ, ಕರೆಂಟು, ಪಗಾರದವರ ಮೊತ್ತ, ಕೂಲಿಯವರ ಮೊತ್ತ, ಬರಬೇಕಾದ ಉದ್ದರಿ ಎಲ್ಲ ಬರೆದೆ. ಬರೆಯುವಾಗ ನನಗೆ ಒಂದು ಬಗೆಯ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ. ನೋಡಿ, ಏನೂ ಮುಚ್ಚಿಡುತ್ತಿಲ್ಲ ಎಂಬ ಹೆಮ್ಮೆ.

ಮೊದಲು ಮಾತಾಡಿದ್ದು ಹಮಾಲರ ಮುಕಾದಮ. "ಅಕ್ಕಾರೆ, ಪಗಾರದೋರಿಗಿ ಅರ್ಧ ಆದ್ರೂ ಬರ್ತದ. ನಮ್ದು ಚೀಲದ ಲೆಕ್ಕ. ಚೀಲ ಇಲ್ಲಂದ್ರ ನಮ್ದು ಸೊನ್ನಿ. ಬೋರ್ಡ್ ಮ್ಯಾಲ ನಮ್ಮ ಸಾಲೇ ಇಲ್ಲ." ಹೌದು, ಇರಲಿಲ್ಲ. ನನ್ನ ಲೆಕ್ಕದಲ್ಲಿ ಅವರು ಚೀಲದ ಖರ್ಚು, ಚೀಲ ಇಲ್ಲದಾಗ ಖರ್ಚೂ ಇಲ್ಲ, ಹಾಗಾಗಿ ಮನುಷ್ಯರೂ ಇಲ್ಲ. ಆರೇಳು ವರ್ಷ ಈ ಪುಸ್ತಕ ಬರೆದವಳು ನಾನು.

ಆಮೇಲೆ ಆಯಿ. ಅವಳಿಗೆ ಓದಲು ಬಾರದು. ಪಕ್ಕದ ಹುಡುಗಿ ಒಂದೊಂದೇ ಸಾಲು ಓದಿ ಹೇಳುತ್ತಿದ್ದಳು. ಮುಗಿದ ಮೇಲೆ ಕೇಳಿದಳು: "ನಿಮ್ದು ಎಲ್ಲದ? ನಿಮ್ದೂ ಬರೀರಿ."

ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಂತಿತು. ಮುನೀಮ್ ಕಾಕಾ ಕೆಮ್ಮಿದರು. ನಮ್ಮ ಮನೆಗೆ ಮಿಲ್ಲಿನಿಂದ ತಿಂಗಳಿಗೆ 70 ಸಾವಿರ ಹೋಗುತ್ತಿತ್ತು. ಮಾವನವರ ಔಷಧಿ, ಬೆಂಗಳೂರಿನಲ್ಲಿ ಓದುವ ಮಗಳ ಹಾಸ್ಟೆಲ್ಲು, ಕಾರಿನ ಕಂತು, ಎಲ್ಲಕ್ಕೂ ಕಾರಣ ಇತ್ತು. ಕಾರಣ ಬರೆಯಲು ಹಲಗೆಯಲ್ಲಿ ಜಾಗ ಇರಲಿಲ್ಲ. ‘ಮನೆ ಖರ್ಚು 70,000’ ಎಂದು ಬರೆದೆ. ಆಯಿಯ ದಿನದ ಕೂಲಿ ಆಗ 300. ತಿಂಗಳಿಗೆ ಇಪ್ಪತ್ತಾರು ದಿನ. ನಮ್ಮ ಒಂದು ತಿಂಗಳು ಅವಳ ಒಂಬತ್ತು ತಿಂಗಳು. ಅಲ್ಲಿ ಯಾರೂ ಈ ಭಾಗಾಕಾರ ಮಾಡಲಿಲ್ಲ, ಅಥವಾ ಮಾಡಿ ಸುಮ್ಮನಿದ್ದರು. ಬೇವಿನ ಎಲೆ ಉದುರುವ ಸದ್ದು ಕೇಳಿಸುವಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಚಾಚಾ ಎದ್ದು, "ಹೂಂ, ಈಗ ಪೂರಾ ಆಯ್ತು ಲೆಕ್ಕ. ಮುಂದ ಹೇಳ್ರಿ" ಅಂದರು.

ಮುಂದಿನದು ಸಂಜೆಯವರೆಗೆ ನಡೆಯಿತು, ಜಗಳವೂ ಆಯಿತು. ಪಗಾರದವರು ವಾರ ಬಿಟ್ಟು ವಾರ ಬರುವುದು, ಅರ್ಧ ಪಗಾರ. ಹಮಾಲರಿಗೆ ಅಂಗಳದಲ್ಲಿ ಒಡೆದ ಶಹಾಬಾದ್ ಫರ್ಸಿ ಕಿತ್ತು ಹಾಕುವ ಕೆಲಸ, ದಿನಗೂಲಿ. ನಮ್ಮ ಮನೆ ಖರ್ಚು 35 ಸಾವಿರ. ಕಾರು ಮಾರಾಟಕ್ಕೆ. ಹೆಂಗಸರ ಕೆಲಸದ ಬಗ್ಗೆ ಒಪ್ಪಂದವೇ ಆಗಲಿಲ್ಲ, ಮಾತು ಎದ್ದಲ್ಲೇ ಬಿತ್ತು. ಅವರಲ್ಲಿ ನಾಲ್ವರು ಮುಂದಿನ ತಿಂಗಳಲ್ಲಿ ಬಿಟ್ಟರು. ಆ ನಾಲ್ವರ ಬಗ್ಗೆ ನಾನು ಸರಿಯಾಗಿ ನಡೆದುಕೊಂಡೆನೆಂದು ಈಗಲೂ ಹೇಳಲಾರೆ.

ರಾತ್ರಿ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ಮಾವನವರ ಹಾಸಿಗೆಯವರೆಗೆ ಬಂದಿತ್ತು. ಲಕ್ವಾ ಹೊಡೆದ ಮೇಲೆ ಅವರ ಒಂದು ವಾಕ್ಯ ಮುಗಿಯಲು ನಿಮಿಷ ಹಿಡಿಯುತ್ತದೆ. ಕಾದು ಕೇಳಬೇಕು. "ಮನಿ ಲೆಕ್ಕ... ಬಾಜಾರಕ್ಕ... ಹಾಕ್ದಿ" ಅಂದರು. ಆಮೇಲೆ ಮುಖ ಗೋಡೆಗೆ ತಿರುಗಿಸಿಕೊಂಡರು. ಮೂವತ್ತು ವರ್ಷ ಅವರು ಗಂಜಿನಲ್ಲಿ ವ್ಯಾಪಾರ ಮಾಡಿದ್ದು ಪತ್ ಮೇಲೆ. ಕೈಯಲ್ಲಿ ನೂರು ರೂಪಾಯಿ ಇಲ್ಲದ ದಿನವೂ ಇಸ್ತ್ರಿ ಧೋತರ ಉಟ್ಟು, ಅಡತ್ತಿಯ (ಕಮಿಷನ್ ಏಜೆಂಟನ) ಗಾದಿಯ ಮೇಲೆ ಕುಳಿತು ಚಹಾ ಕುಡಿದು, ಮಾತಿನ ಮೇಲೆ ನೂರು ಚೀಲ ಎತ್ತಿಸಿದವರು. ಗಂಜಿನಲ್ಲಿ ನಿಮ್ಮ ಬಳಿ ಇರುವುದಕ್ಕಿಂತ ನಿಮ್ಮ ಬಳಿ ಇದೆ ಎಂದು ಜನ ತಿಳಿದಿರುವುದೇ ಬಂಡವಾಳ.

ಅವರು ಹೇಳಿದ್ದು ತಪ್ಪಾಗಿರಲಿಲ್ಲ. ಎರಡು ದಿನದಲ್ಲಿ ಇಬ್ಬರು ಅಡತ್ತಿಗಳು ಉದ್ದರಿ ನಿಲ್ಲಿಸಿದರು. ಬ್ಯಾಂಕಿನಿಂದ ‘ಸುಮ್ನ ವಿಚಾರಿಸೋಣ ಅಂತ’ ಫೋನು ಬಂತು. ಸುಮ್ಮನೆ ವಿಚಾರಿಸಲು ಬ್ಯಾಂಕಿನವರು ಫೋನು ಮಾಡಿದ್ದನ್ನು ನಾನು ಕಂಡಿಲ್ಲ. ಎಲ್ಲವನ್ನೂ ಬಿಚ್ಚಿಡಬೇಕು, ಆಗ ಎಲ್ಲ ಸರಿಹೋಗುತ್ತದೆ ಎಂದು ಪುಸ್ತಕಗಳಲ್ಲಿ ಇರುತ್ತದಂತೆ. ತಂಗಿಯ ಮಗಳು ಹೇಳಿದಳು. ಒಳಗಿನವರಿಗೆ ಬಿಚ್ಚಿಟ್ಟದ್ದು ಹೊರಗಿನವರಿಗೂ ಕಾಣುತ್ತದೆ ಅನ್ನುವುದು ಆ ಪುಸ್ತಕಗಳಲ್ಲಿ ಇದೆಯೋ ಇಲ್ಲವೋ.

ಹಲಗೆ 0 ಮುಟ್ಟಿತು. ಮೂರು ದಿನ ಮಿಲ್ಲು ನಿಂತಿತು. ಸದ್ದಿಲ್ಲದ ಮಿಲ್ಲಿನಲ್ಲಿ ಪಾರಿವಾಳಗಳು ಎಷ್ಟು ಧೈರ್ಯವಾಗಿ ಓಡಾಡುತ್ತವೆ ಎಂದು ಆಗ ನೋಡಿದೆ. ನಾಲ್ಕನೇ ದಿನ ಗಂಜಿನ ವ್ಯಾಪಾರಿಯೊಬ್ಬರು ಬಂದರು. ಅವರ ಬಳಿ ಆಮದು ತೊಗರಿ ಇತ್ತು, ಒಡೆಸಲು ಮಿಲ್ಲು ಬೇಕಿತ್ತು. ಜಾಬ್ ವರ್ಕ್. ಕಾಳು ಅವರದು, ಬೇಳೆ ಅವರದು, ನಮಗೆ ಕ್ವಿಂಟಲಿಗೆ ಇಷ್ಟು ಎಂದು ಮಜೂರಿ. ಖರೀದಿಗೆ ನಮ್ಮ ರೊಕ್ಕ ಬೇಡ. ಚೀಲದ ಮೇಲೆ ಏನು ಬರೆಯುತ್ತೀರಿ ಎಂದು ಮೊದಲು ಕೇಳಿದೆ. "ಏನ್ ಬರೀಬೇಕ್ರಿ? ಇಂಪೋರ್ಟ್ ಮಾಲ್ ಅಂತ. ಹಳ್ಳಿ ಕಿರಾಣಿಗಿ ಖುಲ್ಲಾ ಹೋಗ್ತದ" ಅಂದರು. ದರದ ಮಾತಿಗೆ ಬಂದಾಗ ನಾನು ಕೇಳಿದ್ದಕ್ಕಿಂತ ಕ್ವಿಂಟಲಿಗೆ ಇಪ್ಪತ್ತು ರೂಪಾಯಿ ಕಡಿಮೆಗೆ ಬಗ್ಗದೆ ಕುಳಿತರು. "ಅಷ್ಟಕ್ಕ ನಮಗ ಹೆಂಗ ಪೂರ್ತದ್ರಿ" ಅಂದರೆ, ನಗುತ್ತಾ ಗೋಡೆ ಕಡೆ ಕೈ ತೋರಿಸಿದರು: "ಪೂರ್ತದ್ರಿ ಅಕ್ಕಾರೆ. ನಿಮ್ ಬೋರ್ಡ್ ನಾನೂ ಓದೀನಿ."

ಒಪ್ಪಿಕೊಂಡೆ. ಹೊಸ ತೊಗರಿ ಗಂಜಿಗೆ ಬರುವವರೆಗೆ, ಡಿಸೆಂಬರ್ ದಾಟುವವರೆಗೆ, ಆ ಮಜೂರಿಯ ಮೇಲೇ ಮಿಲ್ಲು ಓಡಿತು. ಪುಣೆಯಲ್ಲಿರುವ ಹಮಾಲನಿಗೆ ಫೋನು ಮಾಡಬೇಕು ಎಂದು ಎಷ್ಟೋ ಸಲ ಅನ್ನಿಸಿತು. ಏನು ಹೇಳಲಿ? ಬಾ ಅನ್ನುವಷ್ಟು ಕೆಲಸ ಇರಲಿಲ್ಲ. ಮೂವತ್ತೊಂದು ಜನ ಇದ್ದವರು ಈಗ ಇಪ್ಪತ್ನಾಲ್ಕು. ಎರಡನೇ ಪಾಳಿ ಮತ್ತೆ ಶುರುವಾಗಿಲ್ಲ. ಅಡತ್ತಿಗಳಲ್ಲಿ ಒಬ್ಬರು ಉದ್ದರಿ ಕೊಡಲು ಶುರು ಮಾಡಿದ್ದಾರೆ, ಇನ್ನೊಬ್ಬರು ಎದುರು ಸಿಕ್ಕರೆ ನಮಸ್ಕಾರ ಮಾತ್ರ.

ಹಲಗೆ ಮಾತ್ರ ಕಾಟಾದ ಪಕ್ಕದಲ್ಲೇ ಇದೆ. ‘ಮನೆ ಖರ್ಚು’ ಸಾಲೂ ಇದೆ, ಹಮಾಲರ ಸಾಲೂ ಇದೆ. ಮಾವನವರು ತಿಂಗಳಿಗೊಮ್ಮೆ ಗಾಲಿಕುರ್ಚಿಯಲ್ಲಿ ಮಿಲ್ಲಿಗೆ ಬರುತ್ತಾರೆ. ಆ ಜಗಳದ ನಂತರ ಬಂದಾಗಲೆಲ್ಲ ಹಲಗೆಯ ಕಡೆ ತಿರುಗದೆ, ಕುರ್ಚಿ ತಳ್ಳುವ ಹುಡುಗನಿಗೆ ಕೈಸನ್ನೆ ಮಾಡಿ, ಸುತ್ತು ಹಾಕಿ ಹಿಂದಿನ ಬಾಗಿಲಿಂದ ಒಳಗೆ ಹೋಗುತ್ತಿದ್ದರು. ಹೋದ ಫೆಬ್ರವರಿಯಲ್ಲಿ ಹಿಂದಿನ ಬಾಗಿಲ ಮುಂದೆ ಚೀಲ ಒಟ್ಟಿತ್ತು, ಕಾಟಾದ ಪಕ್ಕದಿಂದಲೇ ಬರಬೇಕಾಯಿತು. ನಾನು ಒಳಗಿನಿಂದ ನೋಡುತ್ತಿದ್ದೆ. ಕುರ್ಚಿ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಎಡಗೈ ಎತ್ತಿ ನನ್ನನ್ನು ಕರೆದರು.

ಹೋಗಿ ನಿಂತೆ. ಬೆರಳು ಮೂರನೇ ಸಾಲಿನ ಕೂಡಿಕೆಯ ಮೇಲಿತ್ತು. ತುಟಿ ಅಲುಗಿತು, ಕಾದೆ.

"ಹಚ್ಚಿ... ಹಿಡೀಲಿಲ್ಲ ನೀ... ಹತ್ತು ಚೀಲ... ಕಮ್ಮಿ ಬರ್ದೀದಿ."

ನೋಡಿದೆ. ದಶಕ ಹಿಡಿಯುವುದು ಮರೆತಿದ್ದೆ. ಅವರು ಅಂಗಿಯ ತೋಳಿನಿಂದ ಆ ಅಂಕಿಯನ್ನು ಉಜ್ಜಿ ಅಳಿಸಿ, ಕುರ್ಚಿ ಹುಡುಗನ ಕಡೆ ತಿರುಗಿ ಸೀಮೆಸುಣ್ಣ ಕೊಡು ಎಂದು ಎಡಗೈ ಚಾಚಿದರು.